ಗಾರೆಗೆ ಒರಗಿದವರು

ನಮ್ಮ ಹಡಗುಕೇರಿಯಲ್ಲಿ ಮದುವೆಗಳೆಲ್ಲ ಸರಿಯಾಗಿ ನಡುಹಗಲಿಗೇ ನಡೆಯುತ್ತವೆ. ಪಂಚಾಂಗ ನೋಡಿ ಇಟ್ಟ ಮುಹೂರ್ತವೂ ಅಲ್ಲ, ಪಾದ್ರಿ ಹೇಳಿದ ಹೊತ್ತೂ ಅಲ್ಲ. ಸೂರ್ಯ ನೆತ್ತಿಗೆ ಬಂದಾಗ ನೆರಳು ಕಾಲಡಿಗೆ ಸರಿದು ಮುದುರಿಕೊಳ್ಳುತ್ತದೆ. ಮದುಮಗಳ ಪಕ್ಕದಲ್ಲಿ ಅದು ಕಾಣದೆ ಅರ್ಧ ತಾಸು ಕಳೆದರೆ ಸಾಕು, ಅಷ್ಟರಲ್ಲಿ ಉಂಗುರ, ಹಾಡು, ಹರಕೆ ಎಲ್ಲ ಮುಗಿಸುತ್ತೇವೆ. ಊಟಕ್ಕೆ ಚಪ್ಪರದೊಳಗೆ ಸೇರಿಕೊಂಡ ಮೇಲೆ ಸೂರ್ಯ ಎತ್ತ ಬೇಕಾದರೂ ವಾಲಲಿ.

ಆ ನೆರಳು ಎಂಥದ್ದೆಂದು ತಿಳಿಯಬೇಕಾದರೆ ಧಕ್ಕೆಗೆ ಹೋಗಬೇಕು. ಹಡಗು ಬಂದು ನಿಲ್ಲುವ ಕಟ್ಟೆಯ ಎದುರಿಗೇ ಎರಡಾಳೆತ್ತರದ ಗೋಡೆಯೊಂದಿದೆ. ಹಿಂದೆ ಹಡಗಿನ ಕಂಪನಿಯವರು ತಮ್ಮ ದೇಶದಿಂದ ಪ್ರವಾಸಿಗಳನ್ನು ಕರೆತರುತ್ತಿದ್ದಾಗ ಆ ಗೋಡೆಯ ತುಂಬ ನಮ್ಮ ಊರಿನ ನಕ್ಷೆ ಬರೆಸಿದರು. ನೀಲಿ ಸಮುದ್ರ, ಹಸಿರು ಗುಡ್ಡ, ಗುಡ್ಡದ ಮೇಲೆ ಮೇಲುಪೇಟೆಯ ಬಿಳಿ ಬಂಗಲೆಗಳು. ಬಂಗಲೆಗಳ ಮುಂದೆ ಛತ್ರಿ ಹಿಡಿದ ದೊರೆಸಾನಿಯರು, ಟೋಪಿ ಹಾಕಿ ಬೆತ್ತ ಹಿಡಿದ ದೊರೆಗಳು. ಕೆಳಗೆ, ನಮ್ಮ ಕೇರಿ ಇರುವಲ್ಲಿ, ಒಂದು ಮನೆಯನ್ನೂ ಬರೆದಿಲ್ಲ. ಇದ್ದಿಲಿನಂಥ ಆರು ಆಕೃತಿಗಳಿವೆ. ಬಗ್ಗಿದ ಬೆನ್ನು, ಮೊಣಕಾಲಿಗೆ ಮುಟ್ಟುವ ಕೈ, ಪಪ್ಪಾಯಿ ಹೋಳಿನಂಥ ತುಟಿ, ಕಿಸಿದ ಬಿಳಿ ಹಲ್ಲು, ತಲೆಯ ಮೇಲೆ ಪೆಟ್ಟಿಗೆ, ಒಂದು ಕಾಲು ಮೇಲೆ. ಅಡಿಯಲ್ಲಿ ಅವರ ಭಾಷೆಯಲ್ಲೂ ನಮ್ಮದರಲ್ಲೂ ಬರೆದಿದ್ದಾರೆ: ನಗುವ ಕೂಲಿಗಳು. ನಿಮ್ಮ ಪೆಟ್ಟಿಗೆ ಹೊರುತ್ತಾರೆ. ಕಚ್ಚುವುದಿಲ್ಲ. ಬಾಳೆಹಣ್ಣು ಕೊಟ್ಟರೆ ಕುಣಿಯುತ್ತಾರೆ.

ನಮ್ಮ ಊರಿನಲ್ಲಿ ಗೋಡೆಯ ಮೇಲೆ ಹೇಗಿದೆಯೋ ಹಾಗೇ ನೆರಳು ಬೀಳುತ್ತದೆ.

ದೊರೆಗಳು ಎಂದೋ ಹೋದರು. ಅವರ ಬಂಗಲೆಗಳಿಗೆ ಬಂದು ಸೇರಿದವರಿಗೆ ಕುರ್ಚಿ, ಕಪಾಟು, ಮಾವಿನಮರದ ಜೊತೆಗೆ ಅವರ ನೆರಳೂ ಬಂತು. ಮೇಲುಪೇಟೆಯಲ್ಲಿ ಬರಿಗಾಲಲ್ಲಿ ಸೊಪ್ಪು ಮಾರುವವಳಿಗೂ ಛತ್ರಿ ಹಿಡಿದ ನೆರಳು. ಧಕ್ಕೆ ಕಾಯುವ ಬೊಮ್ಮಯ್ಯ ಒಂದು ಬಂಗಲೆಯ ಹಿತ್ತಿಲ ಕೋಣೆಯಲ್ಲಿ ವಾಸ. ಅವನಿಗೆ ಟೋಪಿಯೇ ಇಲ್ಲ, ನೆರಳಿಗೆ ಇದೆ. ಅವರು ಅದಕ್ಕೆ ಹೊಂದಿಕೊಂಡರು. ಹೊಂದಿಕೊಳ್ಳಲು ಕಷ್ಟವೇನಿತ್ತು?

ನಾವೂ ಹೊಂದಿಕೊಂಡೆವು. ನಮ್ಮ ಮುತ್ತಜ್ಜಂದಿರು ಅದೇ ಕಂಪನಿಯ ಹಡಗಿನ ತಳದಲ್ಲಿ ದೂರದ ಕರಾವಳಿಯೊಂದರಿಂದ ಬಂದವರು. ಬಂದರು ಅನ್ನುವುದಕ್ಕಿಂತ ತಂದರು ಅನ್ನಬೇಕು. ನಮ್ಮ ಕೂದಲು ಗುಂಗುರು, ಮೈಬಣ್ಣ ಕಪ್ಪು. ಅದನ್ನು ನಾವು ಎಂದೂ ಮುಚ್ಚಿಟ್ಟವರಲ್ಲ. ಮುಚ್ಚಿಟ್ಟದ್ದು ನೆರಳನ್ನು. ನಮ್ಮ ಮಕ್ಕಳು ನಡೆಯಲು ಕಲಿಯುವಾಗಲೇ ದಾರಿಬದಿಯ ಗೋಡೆಗಳ ನೆರಳಿನೊಳಗೆ ನಡೆಯಲು ಕಲಿಯುತ್ತವೆ. ಸಂಜೆ ಬಿಸಿಲಿಗೆ ನಮ್ಮ ಹೆಂಗಸರು ನೀರಿಗೆ ಹೋಗುವುದಿಲ್ಲ. ಹಡಗು ಬಂದ ದಿನ ಪ್ರವಾಸಿಗಳು ಬಾಳೆಹಣ್ಣು ತಂದು ಎಸೆಯುತ್ತಾರೆ. ನಮ್ಮ ಕೈಗಲ್ಲ, ನೆಲದ ಮೇಲೆ ಬಿದ್ದಿರುವ ನೆರಳಿನ ಕಡೆಗೆ. ನಾವು ಸುಮ್ಮನೆ ನಿಂತಿದ್ದರೂ ಅದು ಒಂದು ಕಾಲು ಎತ್ತಿಕೊಂಡೇ ಇರುತ್ತದೆ. ಅವರು ನಗುತ್ತಾರೆ, ಫೋಟೋ ಹೊಡೆಯುತ್ತಾರೆ. ಹಣ್ಣು ಹಾಳಾಗಬಾರದೆಂದು ನಾವು ಹೆಕ್ಕಿಕೊಂಡು ಹೋಗುತ್ತೇವೆ. ಅದಕ್ಕೂ ನಗುತ್ತಾರೆ.

ನನ್ನ ಹೆಸರು ಇನಾಸಿನ್. ನನ್ನದು ಗಾರೆ ಕೆಲಸ, ಅವ್ವನಿಂದ ಬಂದದ್ದು. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿಯ ನೀರು ಎಷ್ಟೆಷ್ಟು ಎಂದು ಕಣ್ಣಳತೆಯಲ್ಲೇ ಹೇಳಬಲ್ಲೆ. ಮೂವತ್ತೆಂಟು ವರ್ಷ ಬಿಳಿ ಗೋಡೆಯ ಮುಂದೆ ನಿಂತಿದ್ದೇನೆ. ಅಂದರೆ ಮೂವತ್ತೆಂಟು ವರ್ಷ ಆ ನೆರಳಿನ ಮುಖ ನೋಡಿದ್ದೇನೆ. ನಾನು ಕರಣೆ ಎತ್ತಿದರೆ ಅದು ಪೆಟ್ಟಿಗೆ ಎತ್ತುತ್ತದೆ. ಗಂಡ ತೀರಿಕೊಂಡ ದಿನ ಬೇಲಿಗೊರಗಿ ಅಳುತ್ತ ನಿಂತಿದ್ದೆ. ಎದುರಿನ ಗೋಡೆಯಲ್ಲಿ ಅದು ಹಲ್ಲು ಕಿಸಿದುಕೊಂಡು ಕುಣಿಯುತ್ತಿತ್ತು. ಅದನ್ನು ನಾನು ಮರೆತಿಲ್ಲ.

ನನಗೆ ಒಬ್ಬಳೇ ಮಗಳು, ಮರ್ಸೆಲಿ. ಟೀಚರ್ ತರಬೇತಿಯಲ್ಲಿ ಇಡೀ ತಾಲ್ಲೂಕಿಗೆ ಮೊದಲು ಬಂದವಳು. ಊರ ಶಾಲೆಯಲ್ಲಿ ಒಂದು ಜಾಗ ಖಾಲಿ ಇತ್ತು. ಸಂದರ್ಶನಕ್ಕೆ ಹೋದವಳು ಒಂದು ಗಂಟೆಯಲ್ಲಿ ತಿರುಗಿ ಬಂದು, ಚಪ್ಪಲಿಯನ್ನೂ ಬಿಡದೆ ಒಲೆಯ ಮುಂದೆ ಕೂತಳು.

"ಎಂತ ಹೇಳಿದ್ರು?" ಎಂದೆ.

"ಮಾರ್ಕ್ಸ್ ಚಲೋ ಅದೆ ಅಂದ್ರು. ಆದ್ರೆ ಕ್ಲಾಸಿನ ಕಿಟಕಿ ಪಡುವಣಕ್ಕೆ ಅದೆಯಂತೆ. ಮೂರು ಗಂಟೆ ಮೇಲೆ ಬಿಸಿಲು ಒಳಗೆ ಬಂದು ಟೀಚರ ನೆರಳು ಬೋರ್ಡಿನ ಗೋಡೆಗೆ ಬೀಳ್ತದಂತೆ. ಸಣ್ಣ ಮಕ್ಳು, ಒಂದೋ ಹೆದರ್ತಾವೆ, ಇಲ್ಲಾ ನಗ್ತಾವೆ ಅಂದ್ರು."

"ಕಿಟಕಿಗೆ ಪರದೆ ಹಾಕೂಕೆ ಬರೂದಿಲ್ವಾ ಅವ್ರಿಗೆ?"

"ಕೇಳಿದೆ ಅವ್ವಾ. ಗಾಳಿ ಬರೂದಿಲ್ಲ ಅಂದ್ರು." ಅವಳು ಚಪ್ಪಲಿಯ ಪಟ್ಟಿ ಬಿಚ್ಚುತ್ತ ಹೇಳಿದಳು, "ಬೇರೆ ಕೆಲ್ಸ ಕೊಡ್ತಾರಂತೆ. ಹಡಗು ಬಂದಾಗ ಧಕ್ಕೆ ಮೇಲೆ ನಿಲ್ಲೂದು. ಗೋಡೆ ಮೇಲೆ ಇದ್ದ ಹಂಗೇ ಸೊಂಟಕ್ಕೆ ಸೊಪ್ಪು ಕಟ್ಕಂಡು, ಪೆಟ್ಟಿಗೆ ಹೊತ್ಕಂಡು ನಗೂದು. ಟೀಚರ್ ಸಂಬಳಕ್ಕಿಂತ ಹೆಚ್ಚಂತೆ."

ಶಾಲೆಗೂ ಪ್ರವಾಸಿ ಸಮಿತಿಗೂ ಪುರುಷೋತ್ತಮರಾಯರೇ ಅಧ್ಯಕ್ಷರು. ಕುಳ್ಳಗೆ, ಡೊಂಕು ಕಾಲು, ಮಾತು ಮಾತ್ರ ಬೆಣ್ಣೆ. ನೆರಳು ಆರಡಿ, ಟೋಪಿ ಬೇರೆ. ಮಾತಾಡುವಾಗ ಅವರು ನಮ್ಮ ಮುಖ ನೋಡುವುದಿಲ್ಲ. ತಮ್ಮ ನೆರಳನ್ನು ನೋಡಿಕೊಂಡು ಮಾತಾಡುತ್ತಾರೆ. ಮರುವಾರ ನನ್ನನ್ನೇ ಧಕ್ಕೆಗೆ ಕರೆಸಿದರು. ನಕ್ಷೆಗೆ ನೂರು ವರ್ಷ ತುಂಬುತ್ತದಂತೆ, ಉತ್ಸವವಂತೆ. ಹೊರ ಊರಿನಿಂದ ಹೆಂಚಿನ ಕೆಲಸದವರು ಬಂದು ನಕ್ಷೆಯನ್ನು ಅಚ್ಚೆತ್ತಿ, ಬಣ್ಣದ ಹೆಂಚಿನಲ್ಲಿ ಸುಟ್ಟು ಅದೇ ಗೋಡೆಗೆ ಕೂರಿಸುತ್ತಾರಂತೆ. ಇನ್ನೂರು ವರ್ಷ ಅಳಿಯದು. ಅಷ್ಟರೊಳಗೆ ಉಪ್ಪು ಹಿಡಿದು ಉಬ್ಬಿದ ಗೋಡೆಯನ್ನು ನಾನು ಸರಿಮಾಡಿ, ಮಾಸಿದ ಬಣ್ಣವನ್ನು ಇದ್ದ ಹಾಗೇ ತುಂಬಿಕೊಡಬೇಕು.

ನಾನು ಗೋಡೆಯನ್ನು ಗೆಣ್ಣಿನಿಂದ ತಟ್ಟುತ್ತ ಹೋದೆ. ಎಲ್ಲಿ ತಟ್ಟಿದರೂ ಟೊಳ್ಳು. "ಕೆಳಗಿನ ಅರ್ಧ ಪೂರ್ತಿ ತೆಗೆದು ಹೊಸ ಗಾರೆ ಹಾಕ್ಬೇಕು ರಾಯರೇ. ಹೆಂಗೂ ತೆಗೀತೇನೆ, ಆ ಆರು ಜನರನ್ನ ಸ್ವಲ್ಪ ಮನುಷ್ಯರ ಹಂಗೆ ಬರೀಲಾ?"

ಅವರು ನಕ್ಕರು. "ಅದು ಇತಿಹಾಸ ಇನಾಸಿನ್. ಹಳೇ ಕಾಲದ ತಮಾಷೆ. ಈಗಿನವರು ಅದನ್ನೇ ಹುಡುಕಿಕೊಂಡು ಬರ್ತಾರೆ. ಅದೇ ಚಿತ್ರ ಹಾಕಿ ಟವೆಲು, ಚಹಾದ ಕಪ್ಪು ಎಲ್ಲ ಮಾಡಿಸ್ತಾ ಇದೀವಿ."

"ತಮಾಷೆ ಯಾರಿಗೆ?"

"ಎಲ್ಲರಿಗೂ. ನೋಡು, ಅವೂ ನಗ್ತಾನೇ ಇದಾವಲ್ಲ."

ಅವು ಎಂದರು. ಆಮೇಲೆ, ಬೇಜಾರಾಯಿತೇನೋ ಎಂದು ನನ್ನನ್ನು ಸಮಾಧಾನ ಮಾಡಿದರು. "ನಾವೇನು ಭೇದ ಮಾಡೋ ಜನ ಅಲ್ಲ. ನಿನಗೇ ಗೊತ್ತು, ನಮ್ಮ ಅಡುಗೆಮನೆ ಗೋಡೆಗೂ ನೀನೇ ಅಲ್ಲವಾ ಗಾರೆ ಹಾಕಿದ್ದು."

ಹಾಕಿದ್ದೆ. ಮೋಡ ಮುಸುಕಿದ ದಿನ ನೋಡಿ ಬಾ ಎಂದು ಹೇಳಿಕಳಿಸಿದ್ದರು.

ಆ ಸಂಜೆ ನಮ್ಮ ಅಂಗಳದಲ್ಲಿ ಕೇರಿಯೆಲ್ಲ ಸೇರಿತು. ಸಂಗತಿ ಹೇಳಿದೆ. ಹೆಂಚಿಗೆ ಹತ್ತಿದರೆ ಮುಗಿಯಿತು, ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಅದೇ. ಗಾರೆಯಲ್ಲಿ ಇರುವಾಗಲೇ ಏನಾದರೂ ಮಾಡಬೇಕು. ಅಳಿಸಿಬಿಡು ಎಂದರು ಹುಡುಗರು. ಕೇರಿಗೆ ಹಿರಿಯ ಡಿಯೋಗಜ್ಜ ಕೋಲು ನೆಲಕ್ಕೆ ಬಡಿದ. "ಅಳಿಸೂದು ಸುಲಭ. ಮೊದ್ಲು ಏಳು ಇದ್ವು, ಬಸ್ತ್ಯಾಂವನ ಅಜ್ಜ ತನ್ನ ಮನೇದು ಅಂತ ಏಳನೇದನ್ನ ಕೆರೆದ. ಆಮೇಲೆ ಎಂತ ಆತು?"

ಎಲ್ಲರಿಗೂ ಗೊತ್ತು. ಬಸ್ತ್ಯಾಂವನ ಮನೆಯವರಿಗೆ ಅಂದಿನಿಂದ ನೆರಳೇ ಇಲ್ಲ. ನಾಯಿಗಳು ಅವರನ್ನು ಕಂಡು ಹಿಂದೆ ಸರಿಯುತ್ತವೆ. ಅಂಗಡಿಯವನು ಸಾಮಾನನ್ನು ಕೈಗೆ ಕೊಡದೆ ಹಲಗೆಯ ಮೇಲಿಡುತ್ತಾನೆ. ಬಸ್ತ್ಯಾಂವ ಅಂಗಳದ ಮೂಲೆಯಲ್ಲಿ ನಿಂತು ಕಾಲ ಹೆಬ್ಬೆರಳು ನೋಡಿಕೊಳ್ಳುತ್ತಿದ್ದ.

"ಹಂಗಾದ್ರೆ ತೆಗೆದ ಜಾಗದಾಗೆ ನಮ್ಮನ್ನ ನಾವೇ ಬರೀವ," ಎಂದು ನಾನು ಒಂದೊಂದು ಇದ್ದಿಲ ಚೂರು ಹಂಚಿದೆ. "ಇಗಾ, ನನ್ನ ಮನೆ ಗೋಡೆ ಅದೆ. ಬರೆದು ನೋಡಿ."

ಬರೆದರು. ಡಿಯೋಗಜ್ಜ ಬರೆದ, ದರ್ಜಿ ಜುಜೆ ಬರೆದ, ಹೆಂಗಸರು ನಾಚಿಕೊಂಡು ಬರೆದರು. ಬರೆದು ಹಿಂದೆ ಸರಿದು ನೋಡಿದರೆ ಗೋಡೆಯ ತುಂಬ ಬಗ್ಗಿದ ಬೆನ್ನು, ಉದ್ದ ಕೈ, ಮೇಲೆತ್ತಿದ ಕಾಲು. ಯಾರೋ ಪೆಟ್ಟಿಗೆಯನ್ನೂ ಬರೆದಿದ್ದರು. ಒಬ್ಬರಿಗೂ ಬೇರೆ ಬರಲಿಲ್ಲ. ಹುಟ್ಟಿದಂದಿನಿಂದ ನೆಲದ ಮೇಲೆ ನೋಡಿದ್ದು ಅದೊಂದೇ ತಾನೇ.

ಮರ್ಸೆಲಿ ಕೊನೆಗೆ ಇದ್ದಿಲನ್ನು ಕೆಳಗೆ ಹಾಕಿದಳು. ಚಿತ್ರಕಲೆಯಲ್ಲಿ ಬಹುಮಾನ ತಂದ ಹುಡುಗಿ. "ಅವ್ವಾ, ನನ್ನ ಕೈಗೂ ಅದೇ ಬಂತು."

ಧಕ್ಕೆಯ ಗೋಡೆಯ ಮೇಲೆ ನನಗಿದ್ದ ಸಿಟ್ಟು ಹಳೆಯದು, ಅದರ ಜೊತೆ ಬಾಳ್ವೆ ಮಾಡಿಕೊಂಡಿದ್ದೆ. ಕಂಪನಿಯವನೊಬ್ಬ ನಮ್ಮ ಕೇರಿಗೆ ಕಾಲಿಡದೆ, ಹಡಗಿನಲ್ಲೇ ಕೂತು ಟಿಕೆಟು ಮಾರಲೆಂದು ಗೀಚಿದ್ದು ನನ್ನ ಮಗಳ ಬೆರಳಿನೊಳಗೆ ಬಂದು ಕೂತಿದೆ ಎಂದು ಕಂಡಾಗ ಬಂದ ಸಿಟ್ಟು ಬೇರೆ. ಅದರ ಜೊತೆ ಬಾಳಲು ಆಗುವುದಿಲ್ಲ.

ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಒಂದು ಮನೆಯ ದನದ ಕೊಟ್ಟಿಗೆಗೆ ಗಾರೆ ಹಾಕಿ ಚಹಾ ಕುಡಿಯಲು ಕೂತಿದ್ದೆ. ಅವರ ಕರು ಬಂದು ಹಸಿ ಗೋಡೆಗೆ ಮೈ ಒರಗಿಸಿ ನಿಂತಿತು. ಓಡಿಸಿದೆ. ಬೈಯಲು ಬಾಯಿ ತೆಗೆದವಳ ಕಣ್ಣು ಗೋಡೆಯ ಮೇಲೆ ಬಿತ್ತು. ಪಕ್ಕೆಲುಬು, ಹೊಟ್ಟೆ, ಬಾಲದ ಬುಡ, ಎಲ್ಲ ಅಲ್ಲೇ ಕೂತಿತ್ತು. ಒಂದು ಗೆರೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬರೆಯುವ ಕೈ ಸುಳ್ಳು ಕಲಿತಿರಬಹುದು. ಹಸಿ ಗಾರೆಗೆ ಯಾರೂ ಸುಳ್ಳು ಕಲಿಸಿಲ್ಲ.

ಧಕ್ಕೆಯ ಗೋಡೆಗೆ ಸುತ್ತ ಬಿದಿರ ತಟ್ಟಿ ಕಟ್ಟಿಸಿದೆ. ಬಿಸಿಲು ಬಿದ್ದರೆ ಗಾರೆ ಬಿರಿಯುತ್ತದೆ ಎಂದೆ, ಅದು ನಿಜವೇ. ಬೊಮ್ಮಯ್ಯನನ್ನು ಕಾವಲಿಗೆ ಹಾಕಿದರು. ಸುತ್ತಲಿನ ಗಾರೆಯನ್ನೆಲ್ಲ ಮೊದಲೇ ತೆಗೆದಿದ್ದೆ, ಶುಕ್ರವಾರ ಹನ್ನೊಂದು ಗಂಟೆಗೆ ಉಳಿದ ಆರು ಆಕೃತಿಗಳಿಗೆ ಉಳಿ ಇಟ್ಟೆ. ಆ ಆರೂ ಒಂದೊಂದಾಗಿ ಹಕ್ಕಳೆಯಾಗಿ ಉದುರಿದವು. ಹಲ್ಲುಗಳು ನನ್ನ ಪಾದದ ಮೇಲೆ ಬಿದ್ದವು. ಈಗ ನಮ್ಮ ಕೇರಿಯಲ್ಲಿ ಯಾರಿಗೂ ನೆರಳಿರಲಿಲ್ಲ, ಮತ್ತು ಸೂರ್ಯ ನೆತ್ತಿಗೆ ಬರುತ್ತಿದ್ದುದರಿಂದ ಅದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಹೊಸ ಗಾರೆ ಬಳಿದು ಮುಗಿಸುವಾಗ, ನಾವು ಮಾತಾಡಿಕೊಂಡಂತೆ, ಕೇರಿಯ ಕಡೆಯಿಂದ ಡೋಲಿನ ಸದ್ದು ಬಂತು.

ಅವರು ಮದುವೆ ದಿಬ್ಬಣದ ಹಾಗೆ ಬಂದರು. ಹೊಸ ಸೀರೆ, ಇಸ್ತ್ರಿಯ ಅಂಗಿ, ಮುಂದೆ ಕೆಂಪು ಸೀರೆಯಲ್ಲಿ ಮರ್ಸೆಲಿ. ನಾವು ನಡುಹಗಲಿಗೆ ಡೋಲು ಬಡಿದುಕೊಂಡು ಹೊರಟರೆ ಊರಿನಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ.

"ಯಾರದು ಮದುವೆ?" ಬೊಮ್ಮಯ್ಯ ಕೇಳಿದ್ದು ಒಳಗೆ ಕೇಳಿಸಿತು.

"ಮರ್ಸೆಲಿದು," ಎಂದ ಡಿಯೋಗಜ್ಜ.

"ಗಂಡೆಲ್ಲಿ?"

"ತಟ್ಟಿ ಒಳಗೆ ಇದ್ದಾನೆ. ಬಾಳ ನಾಚಿಕೆ ಅವಂಗೆ, ಹಸಿ ಹಸಿ ಇದ್ದಾನೆ."

ಬೊಮ್ಮಯ್ಯ ಸ್ಟೂಲನ್ನು ಸಮುದ್ರದ ಕಡೆಗೆ ತಿರುಗಿಸಿಕೊಂಡು ಕೂತ ಸದ್ದಾಯಿತು. "ಊಟ ಉಂಟಲ್ಲ?"

"ಕೋಳಿ ಸಾರು, ಅಕ್ಕಿ ಕಡುಬು. ಈಗ್ಲೇ ಬಡಿಸ್ತಾರೆ."

ಮೊದಲು ಒರಗಿದ್ದು ಡಿಯೋಗಜ್ಜ. ಒರಗುವ ಮುಂಚೆ ನನ್ನ ಕಿವಿಯ ಹತ್ತಿರ ಬಂದು ಕೇಳಿದ, "ಅಲ್ವೇ ಇನಾಸಿನ್, ನನ್ನ ಬೆನ್ನು ನಿಜಕ್ಕೂ ಬಗ್ಗಿದೆ. ಎಂತ ಮಾಡೂದು?"

"ಹಂಗೇ ಒರಗಿ ಅಜ್ಜ. ಅದು ನಿಮ್ಮ ವಯಸ್ಸು ಬಗ್ಗಿಸಿದ್ದು. ಅವ್ರು ಬಗ್ಗಿಸಿದ್ದಲ್ಲ."

ಮೈಯ ಸುತ್ತ ಮೊಳೆಯಿಂದ ಗೆರೆ ಎಳೆದೆ. ಸರಿದು ನಿಂತು ನೋಡಿ ಅವನು, "ಕಿವಿ ಇಷ್ಟು ದೊಡ್ಡದಾ ನಂದು," ಎಂದ. ಆಮೇಲೆ ಜುಜೆ ಬಂದ, ಕತ್ತರಿ ಬಿಡಲೊಲ್ಲ, ಕತ್ತರಿಯ ಸಮೇತ ಒರಗಿಸಿದೆ. ಬಸುರಿಯೊಬ್ಬಳು ಪಕ್ಕಕ್ಕೆ ತಿರುಗಿ ನಿಂತಳು. ಸೊಂಟದ ಮೇಲೆ ಕೂಸು ಇದ್ದವಳಿಗೆ ಕೂಸು ಅಳುತ್ತಿದ್ದ ಬಾಯಿ ಸಹ ಬಂತು. ಮನೆಗೊಬ್ಬರು ಎಂದು ಇಟ್ಟುಕೊಂಡಿದ್ದೆ, ಯಾರು ಕೇಳುತ್ತಾರೆ. ಮಕ್ಕಳೆಲ್ಲ ತಳದಲ್ಲಿ ಸಾಲಾಗಿ ನಿಂತರು. ಬಸ್ತ್ಯಾಂವನ ಮನೆಯವರು ದೂರ ನಿಂತಿದ್ದರು. ಅವನ ಕೈ ಹಿಡಿದು ಎಳೆದು ತಂದೆ. ಅವನ ಮೈ ಥರಥರ ಎನ್ನುತ್ತಿತ್ತು, ಅದಕ್ಕೇ ಅವನ ಗೆರೆ ಸ್ವಲ್ಪ ಅಲುಗಿದಂತಿದೆ. ಮರ್ಸೆಲಿ ಬಲಗೈಯನ್ನು ತಲೆಗಿಂತ ಮೇಲೆ ಎತ್ತಿ, ಬೋರ್ಡಿನ ಮೇಲೆ ಬರೆಯುವವಳ ಹಾಗೆ ಒರಗಿದಳು. ನನ್ನ ಗೆರೆ ಎಳೆದದ್ದು ಅವಳು. ಗಾರೆ ಬೆನ್ನಿಗೆ ತಣ್ಣಗೆ ಹತ್ತಿತು. "ಅಲ್ಲಾಡಬೇಡ ಅವ್ವಾ," ಎಂದಳು, ಸಣ್ಣ ಮಗುವಿಗೆ ಹೇಳಿದಂತೆ.

ಐವತ್ತಮೂರು ಜನ. ಒಬ್ಬರ ಹೆಗಲು ಒಬ್ಬರಿಗೆ ತಾಗಿಕೊಂಡು ಸಮುದ್ರದಿಂದ ಗುಡ್ಡದ ಬುಡದವರೆಗೆ ತುಂಬಿದರು. ಎಲ್ಲರೂ ಸೇರಿ ಮಸಿ ತುಂಬಿದೆವು. ಕಚ್ಚುವುದಿಲ್ಲ ಎಂದು ಬರೆದಿದ್ದ ಪಟ್ಟಿಯಲ್ಲಿ ಮರ್ಸೆಲಿ ಹಡಗುಕೇರಿ ಎಂದು ಬರೆದಳು. ಅಷ್ಟು ವರ್ಷಗಳಲ್ಲಿ ನಮ್ಮ ಕೇರಿಯ ಹೆಸರು ನಕ್ಷೆಯಲ್ಲಿ ಬಂದದ್ದು ಅದೇ ಮೊದಲು.

ರಾಯರು ಎರಡೂವರೆಗೆ ಬಂದರು. ತಟ್ಟಿಯ ಹಿಂದೆ ಮದುವೆ ನಡೆಯುತ್ತಿದೆ ಎಂದು ಯಾರೋ ಹೇಳಿದ್ದರಂತೆ. ತಟ್ಟಿ ಸರಿಸಿ ನೋಡಿದವರ ಬೆಣ್ಣೆಯಂಥ ಮಾತು ಕರಗಿಹೋಯಿತು. "ಯಾರು ಹೇಳಿದ್ದು ನಿನಗೆ ಇದನ್ನ ಮಾಡೋಕೆ? ಇದೇನು ನಿಮ್ಮ ಮನೆ ಗೋಡೆನಾ? ಕೆರೆಸ್ತೀನಿ, ಈಗಲೇ ಕೆರೆಸ್ತೀನಿ. ನಾಳೆ ಹೆಂಚಿನವರು ಬರೋ ಅಷ್ಟರಲ್ಲಿ ಹಳೇದು ಹೇಗಿತ್ತೋ ಹಾಗೆ ಆಗಬೇಕು."

"ಕೆರೆಸಿ ರಾಯರೇ," ಎಂದು ಉಳಿಯನ್ನು ಅವರ ಮುಂದೆ ಹಿಡಿದೆ. "ಒಂದು ಮಾತು ಮಾತ್ರ ಕೇಳಿ. ಮೇಲಿನ ಅರ್ಧ ಗೋಡೆಯಿಂದ ಬಿಟ್ಟು ಎಷ್ಟು ವರ್ಷ ಆತೋ. ಈಗ ಅದು ಈ ಹೊಸ ಗಾರೆಯ ಹೆಗಲ ಮೇಲೆ ನಿಂತದೆ. ಕೆಳಗಿನವ್ರನ್ನ ಕೆರೆದ್ರೆ ನಿಮ್ಮ ಟೋಪಿ, ಛತ್ರಿ, ಬಂಗಲೆ ಎಲ್ಲ ಒಟ್ಟಿಗೇ ಕೆಳಗೆ ಬರ್ತದೆ. ಸುಳ್ಳಾದ್ರೆ ತಟ್ಟಿ ನೋಡಿ."

ಅವರು ತಟ್ಟಿ ನೋಡಿದರು. ಟೋಪಿ ಹಾಕಿದ ದೊರೆಯ ಎದೆಯ ಮೇಲೆ ತಟ್ಟಿದರು. ಟೊಳ್ಳು ಸದ್ದು ಧಕ್ಕೆಯ ತುದಿಯವರೆಗೆ ಕೇಳಿಸಿತು. ಸ್ವಲ್ಪ ಮರಳು ಅವರ ಅಂಗಿಯ ಮೇಲೆ ಉದುರಿತು. ಅವರು ಕೊಡವಿಕೊಳ್ಳದೆ ತಮ್ಮ ಆರಡಿ ನೆರಳನ್ನು ನೋಡಿದರು, ನಂತರ ಬಸ್ತ್ಯಾಂವನನ್ನು ನೋಡಿದರು. ನೆರಳಿಲ್ಲದ ಮನುಷ್ಯನಿಗೆ ಊರಿನಲ್ಲಿ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಬಸ್ತ್ಯಾಂವನ ಕಾಲ ಬಳಿ ಈಗ ಒಂದು ನೆರಳಿತ್ತು, ಸ್ವಲ್ಪ ಅಲುಗುವಂಥದ್ದು. ಅವನು ಅದರ ಮೇಲೆ ಕಾಲಿಡದೆ ಪಕ್ಕಕ್ಕೆ ಪಕ್ಕಕ್ಕೆ ಸರಿಯುತ್ತಿದ್ದ.

"ರಾಯರೇ," ಮರ್ಸೆಲಿ ಕೈಯ ಮಸಿಯನ್ನು ಮದುವೆ ಸೀರೆಗೇ ಒರೆಸಿಕೊಂಡಳು. "ಮೂರು ಗಂಟೆ ಆತಾ ಬಂತು. ನಿಮ್ಮ ಶಾಲೆ ಇನ್ನೂ ಬಿಟ್ಟಿಲ್ಲ. ಹೋಗುವಾ?"

ಅವಳು ಮುಂದೆ, ರಾಯರು ನಡುವೆ, ನಾವೆಲ್ಲ ಹಿಂದೆ. ಯಾರೂ ಗೋಡೆಯ ಪಕ್ಕ ಸರಿದು ನಡೆಯಲಿಲ್ಲ. ಕ್ಲಾಸಿನಲ್ಲಿ ಮಕ್ಕಳು ಟೀಚರಿಲ್ಲದೆ ಗಲಾಟೆ ಮಾಡಿಕೊಂಡಿದ್ದವು. ಅವಳು ಒಳಗೆ ಹೋಗಿ ಬೋರ್ಡಿನ ಮುಂದೆ ನಿಂತಳು. ಪಡುವಣದ ಕಿಟಕಿಯಿಂದ ಬಿಸಿಲು ಬಂದು ಗೋಡೆಯ ಮೇಲೆ ಅವಳ ನೆರಳು ಬಿತ್ತು. ಉದ್ದ ಕುತ್ತಿಗೆ, ಗುಂಗುರು ತುರುಬು, ಎತ್ತಿದ ಕೈಯಲ್ಲಿ ಸೀಮೆಸುಣ್ಣ. ಮಕ್ಕಳು ನಗಲಿಲ್ಲ, ಹೆದರಲೂ ಇಲ್ಲ. ಮುಂದಿನ ಬೆಂಚಿನ ಒಂದು ಹುಡುಗಿ, "ಟೀಚರ್, ನಿಮ್ಮ ಸೀರೆಗೆ ಮಸಿ ಆಗಿದೆ," ಎಂದಳು.

"ಹೌದು, ಕೆಲ್ಸ ಮಾಡಿದೆ, ಅದ್ಕೇ," ಎಂದು ಮರ್ಸೆಲಿ ಬರೆಯಲು ತೊಡಗಿದಳು.

ರಾಯರು ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು. "ಸೋಮವಾರದಿಂದ ಬರಲಿ." ಅದನ್ನು ಅವರು ತಮ್ಮ ನೆರಳಿಗೇ ಹೇಳಿದರು. ರಾಯರು ದೊಡ್ಡ ಮನಸ್ಸು ಮಾಡಿ ಕೆಲಸ ಕೊಟ್ಟರು ಎಂದು ಮೇಲುಪೇಟೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಅವರು ಏನೂ ಕೊಟ್ಟಿಲ್ಲ. ಹೇಳಲು ಅವರ ಬಳಿ ನೆಪ ಉಳಿಯಲಿಲ್ಲ, ಅಷ್ಟೇ. ನನ್ನ ಮಗಳ ಮಾರ್ಕ್ಸು ಗುರುವಾರವೂ ಅಷ್ಟೇ ಇತ್ತು, ಶುಕ್ರವಾರವೂ ಅಷ್ಟೇ ಇತ್ತು. ಟೀಚರಾಗಲು ಒಬ್ಬಳು ಐವತ್ತಮೂರು ಜನರನ್ನು ಗೋಡೆಗೆ ಒರಗಿಸಬೇಕಾದ ಊರಿನ ಮೇಲೆ ನನಗಿರುವ ಸಿಟ್ಟು ಆ ದಿನ ಇಳಿಯಲಿಲ್ಲ, ಇನ್ನೂ ಇಳಿದಿಲ್ಲ.

ಬೊಮ್ಮಯ್ಯ ಸಿಕ್ಕಿದಾಗ, ಸಾರಿಗೆ ಉಪ್ಪು ಸಾಲದಿತ್ತು ಎಂದಷ್ಟೇ ಹೇಳಿದ. ಹೆಂಚಿನವರು ಬಂದು, ಗೋಡೆಯ ಮೇಲೆ ಇದ್ದುದನ್ನು ಇದ್ದ ಹಾಗೇ ಅಚ್ಚೆತ್ತಿ ಸುಟ್ಟು ಕೂರಿಸಿ ಹೋದರು.

ಆ ಶುಕ್ರವಾರ ಸಂಜೆ ಮಾತ್ರ ನಾನು ಕರಣೆ, ಬುಟ್ಟಿ ತರಲು ಒಬ್ಬಳೇ ಧಕ್ಕೆಗೆ ತಿರುಗಿ ಹೋದೆ. ಬಿಸಿಲು ಓರೆಯಾಗಿತ್ತು. ಸುಂಕದ ಕಚೇರಿಯ ಬಿಳಿ ಗೋಡೆಗೆ ಎದುರಾಗುವ ಓಣಿಯಲ್ಲಿ ಎದುರಿಗೆ ಯಾರೋ ಹೆಂಗಸು ಬರುತ್ತಿದ್ದಳು. ಅಗಲ ಭುಜ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ನಡೆದು ಬರುವವಳು, ತಲೆಯ ಮೇಲೆ ಏನೂ ಇಲ್ಲ. ನಮ್ಮ ಕೇರಿಯವಳಲ್ಲ, ದೊಡ್ಡ ಮನೆಯವಳಿರಬೇಕು ಅನ್ನಿಸಿತು. ಓಣಿ ಇಕ್ಕಟ್ಟು. ನಾನು ನಿಂತೆ. ಅವಳೂ ನಿಂತಳು.

"ಬನ್ನಿ ಅಕ್ಕಾ, ನೀವು ಮೊದ್ಲು ಹೋಗಿ," ಎಂದು ದಾರಿ ಬಿಟ್ಟು ಸರಿದೆ. ಬಿಳಿ ಗೋಡೆಯ ಮೇಲೆ ಅವಳೂ ನನಗೆ ದಾರಿ ಬಿಟ್ಟು ಸರಿದಳು.